ಇಂಟರ್ನ್‌ಶಿಪ್‌ನಲ್ಲಿ ಸೂಪರ್‌ವೈಸರ್ ಹತ್ತಿರ ಕಲಿಯುವುದು ಹೇಗೆ?

ಇಂಟರ್ನ್‌ಶಿಪ್ ಸಾಮಾನ್ಯವಾಗಿ 6 ವಾರದಿಂದ 6 ತಿಂಗಳವರೆಗೆ ಇರುತ್ತದೆ. ಅಷ್ಟರಲ್ಲಿ ಒಂದು ಸಾಫ್ಟ್‌ವೇರ್ ಕಲಿಯಬಹುದು, ಒಂದು ಮೆಷಿನ್ ನಡೆಸುವುದು ಕಲಿಯಬಹುದು, ರಿಪೋರ್ಟ್ ಬರೆಯುವುದು ಕಲಿಯಬಹುದು. ಇವನ್ನೆಲ್ಲ ಬೇಕಾದರೆ ಮನೆಯಲ್ಲಿ ಕೂತು ವಿಡಿಯೊ ನೋಡಿಯೂ ಒಂದು ಮಟ್ಟಕ್ಕೆ ಕಲಿಯಬಹುದು ಅಲ್ವಾ? ಆದರೆ ವರ್ಷಗಟ್ಟಲೆ ಅದೇ ಕೆಲಸ ಮಾಡಿದವರು ಒಂದು ತೀರ್ಮಾನಕ್ಕೆ ಹೇಗೆ ಬರುತ್ತಾರೆ ಅನ್ನುವುದು ಅವರ ಪಕ್ಕದಲ್ಲಿ ಇದ್ದಾಗ ಮಾತ್ರ ತಿಳಿಯುತ್ತದೆ. ಮೊದಲು ಎಲ್ಲಿ ಕಣ್ಣು ಹಾಯಿಸುತ್ತಾರೆ, ಯಾವುದನ್ನು ಬಿಟ್ಟುಬಿಡುತ್ತಾರೆ, ಯಾವಾಗ ಅನುಮಾನ ಪಡುತ್ತಾರೆ, ಎಷ್ಟಾದರೆ ಸಾಕು ಅನ್ನುತ್ತಾರೆ. ಇಂಟರ್ನ್‌ಶಿಪ್‌ನಲ್ಲಿ ಕಲಿಯಬೇಕಾದ ಮುಖ್ಯ ವಿಷಯ ಇದೇ ಎಂದು ನಾನು ನಂಬುತ್ತೇನೆ.

ತೊಂದರೆ ಏನೆಂದರೆ, ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಮನಸ್ಸಿಲ್ಲ ಅಂತಲ್ಲ. ಕೈ ಪಳಗಿದ ಮೇಲೆ ತಾವು ಹೇಗೆ ಯೋಚಿಸುತ್ತೇವೆ ಅನ್ನುವುದು ಅವರಿಗೇ ಗಮನಕ್ಕೆ ಬರುವುದಿಲ್ಲ. ಹಾಗಾಗಿ ಅದನ್ನು ಕೇಳಿ, ನೋಡಿ, ಹೊರಗೆ ತೆಗೆಯುವ ಕೆಲಸ ವಿದ್ಯಾರ್ಥಿಯ ಪಾಲಿಗೆ ಬರುತ್ತದೆ. ಅದನ್ನು ಮಾಡುವ ದಾರಿ ಇಲ್ಲಿದೆ.

ಸೇರುವ ಮೊದಲು

ಕಾಲೇಜು ಕೊಡುವ ಮೌಲ್ಯಮಾಪನ ಫಾರಂ ಅನ್ನು ಮೊದಲೇ ತೆಗೆದು ಓದಿ. ಇಂಟರ್ನ್‌ಶಿಪ್ ಮುಗಿದಾಗ ಸೂಪರ್‌ವೈಸರ್ ತುಂಬಿ ಕೊಡುವ ಕಾಗದ ಅದು. ಅದನ್ನು ಹೆಚ್ಚಿನವರು ಕೊನೆಯ ದಿನ ನೋಡುತ್ತಾರೆ. ಅದರಲ್ಲಿ ಏನೇನು ಕೇಳಿದ್ದಾರೆ ಅಂತ ಮೊದಲೇ ಗೊತ್ತಿದ್ದರೆ ಯಾವ ಅವಕಾಶ ಕೇಳಬೇಕು ಅಂತಲೂ ಗೊತ್ತಿರುತ್ತದೆ. ‘ತಂಡದೊಡನೆ ಕೆಲಸ’ ಅಂತ ಒಂದು ಸಾಲು ಇದ್ದು, ನಿಮ್ಮನ್ನು ಒಬ್ಬರನ್ನೇ ಒಂದು ಕಂಪ್ಯೂಟರ್ ಮುಂದೆ ಕೂರಿಸಿದ್ದರೆ, ಎರಡನೇ ವಾರದಲ್ಲೇ ಬಾಯಿ ಬಿಟ್ಟು ಕೇಳಬಹುದು.

ಆಮೇಲೆ, ಕಲಿಯಬೇಕು ಅಂದುಕೊಂಡಿರುವ ಎರಡು ಮೂರು ವಿಷಯ ಬರೆದುಕೊಳ್ಳಿ. ‘ಅನುಭವ ಬೇಕು’ ಅಂತ ಬರೆದರೆ ಯಾರಿಗೂ ಸಹಾಯ ಆಗುವುದಿಲ್ಲ. ‘ಗ್ರಾಹಕರ ದೂರು ಬಂದಾಗ ಯಾವುದಕ್ಕೆ ಮೊದಲು ಉತ್ತರ ಕೊಡಬೇಕು ಅಂತ ನಿರ್ಧರಿಸುವುದು ಹೇಗೆ’ ಅಂತ ಬರೆದರೆ ಸೂಪರ್‌ವೈಸರ್‌ಗೆ ಹಿಡಿಯಲು ಒಂದು ಎಳೆ ಸಿಗುತ್ತದೆ.

ಮೊದಲ ವಾರ: ಒಂದು ಸಣ್ಣ ಮಾತುಕತೆ

ಕಾಗದದ ಮೇಲೆ ಸೂಪರ್‌ವೈಸರ್ ಒಬ್ಬರಿರುತ್ತಾರೆ, ದಿನಾ ಕೆಲಸ ಹೇಳುವವರು ಇನ್ನೊಬ್ಬರಿರುತ್ತಾರೆ. ಕಾಲೇಜಿನ ಗೈಡ್ ಬೇರೆ. ಯಾರು ಯಾವುದನ್ನು ನೋಡಿಕೊಳ್ಳುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ. ನಂತರ ಸೂಪರ್‌ವೈಸರ್ ಹತ್ತಿರ 20 ನಿಮಿಷ ಸಮಯ ಕೇಳಿ. ಆ ಹೊತ್ತಿನಲ್ಲಿ ಕೇಳಬೇಕಾದ್ದು ಜಾಸ್ತಿ ಏನಿಲ್ಲ:

- ಡೌಟ್ ಬಂದರೆ ಮೆಸೇಜ್ ಮಾಡಲೇ, ನೇರವಾಗಿ ಬಂದು ಕೇಳಲೇ? ಯಾವ ಹೊತ್ತಲ್ಲಿ ಬಂದರೆ ನಿಮಗೆ ತೊಂದರೆ ಆಗಲ್ಲ?
- ಯಾವ ವಿಷಯ ನಾನೇ ನಿರ್ಧರಿಸಬಹುದು? ಯಾವುದನ್ನು ಕೇಳದೆ ಮುಟ್ಟಬಾರದು?
- ಈ ಮೊದಲು ಯಾರಾದರೂ ಚೆನ್ನಾಗಿ ಮಾಡಿರುವ ಕೆಲಸದ ಒಂದು ಮಾದರಿ ನೋಡಬಹುದಾ?
- ಇಲ್ಲಿನ ಯಾವ ಮಾಹಿತಿಯನ್ನು ಕಾಲೇಜು ರಿಪೋರ್ಟ್‌ನಲ್ಲಿ ಬರೆಯಬಹುದು, ಯಾವುದನ್ನು ಬರೆಯಬಾರದು?
- ವಾರಕ್ಕೊಮ್ಮೆ ಒಂದು ಅರ್ಧ ಗಂಟೆ ಸಿಗುತ್ತದಾ?

ಕೊನೆಯದನ್ನು ಸಂಕೋಚ ಪಟ್ಟು ಬಿಡಬೇಡಿ. ನಿಗದಿಯಾದ ಅರ್ಧ ಗಂಟೆ ಇದ್ದರೆ ದಿನಕ್ಕೆ ಹತ್ತು ಸಲ ಹೋಗಿ ಅವರ ಕೆಲಸ ನಿಲ್ಲಿಸುವುದು ತಪ್ಪುತ್ತದೆ. ಬ್ಯುಸಿ ಇರುವವರು ಇದಕ್ಕೆ ಬೇಗ ಒಪ್ಪುತ್ತಾರೆ, ಯಾಕೆಂದರೆ ಅವರಿಗೂ ಇದು ಅನುಕೂಲ.

ಮಾದರಿ ನೋಡುವುದು ಕೂಡ ಮುಖ್ಯ. ‘ಒಳ್ಳೆ ರಿಪೋರ್ಟ್ ಬೇಕು’ ಅಂದಾಗ ಅವರ ತಲೆಯಲ್ಲಿ ಇರುವುದು ಎರಡು ಪುಟದ್ದೋ, ಇಪ್ಪತ್ತು ಪುಟದ್ದೋ ನಿಮಗೇನು ಗೊತ್ತು? ಒಂದು ಹಳೆಯ ರಿಪೋರ್ಟ್ ಕೈಗೆ ಬಂದರೆ ಆ ಗೊಂದಲ ಅಲ್ಲಿಗೆ ಮುಗಿಯಿತು.

ಕೆಲಸ ಹೇಳಿದಾಗ ಅದನ್ನು ತಿರುಗಿ ಹೇಳಿ

ಸೂಪರ್‌ವೈಸರ್ ಒಂದು ಕೆಲಸ ಹೇಳಿದ ಕೂಡಲೇ ‘ಆಯ್ತು ಮೇಡಂ’ ಅಂತ ಎದ್ದು ಬರಬೇಡಿ. ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ. ಏನು ಮಾಡಬೇಕು, ಯಾರು ಓದುತ್ತಾರೆ, ಯಾವಾಗ ಬೇಕು, ಎಷ್ಟು ಆಳಕ್ಕೆ ಹೋಗಬೇಕು.

‘ಮೇಡಂ, ಕಳೆದ 3 ತಿಂಗಳ ದೂರುಗಳನ್ನು ಕಾರಣದ ಪ್ರಕಾರ ಬೇರೆ ಮಾಡಬೇಕು, ಗುರುವಾರದ ಮೀಟಿಂಗ್‌ಗೆ ಒಂದು ಪುಟದಲ್ಲಿ ಬೇಕು, ಅಲ್ವಾ?’

‘ಹೌದು. ಆದ್ರೆ ಕಾರಣ ಗ್ರಾಹಕರು ಬರೆದದ್ದಲ್ಲ, ನಮ್ಮ ಟೀಮ್ ಪತ್ತೆ ಹಚ್ಚಿದ್ದು. ಆ ಕಾಲಮ್ ನೋಡಿ.’

ಈ ಎರಡನೇ ಮಾತು ತಿರುಗಿ ಹೇಳಿದ್ದರಿಂದ ಬಂತು. ಹೇಳದೆ ಹೋಗಿದ್ದರೆ ಎರಡು ದಿನದ ಕೆಲಸ ತಪ್ಪು ಕಾಲಮ್ ಮೇಲೆ ನಡೆಯುತ್ತಿತ್ತು. ಜೊತೆಗೆ ಇನ್ನೊಂದು ವಿಷಯವೂ ಸಿಕ್ಕಿತು: ಗ್ರಾಹಕರು ಹೇಳುವ ಕಾರಣ ಒಂದಿರುತ್ತದೆ, ನಿಜವಾದ ಕಾರಣ ಬೇರೆ ಇರಬಹುದು, ಇಲ್ಲಿಯವರು ನಂಬುವುದು ಎರಡನೆಯದನ್ನು. ಇಂಥದ್ದೇ ಆ ಕೆಲಸದ ಒಳಗುಟ್ಟು.

ಕೆಲಸ ಶುರುವಾದ ಮೇಲೆ ಪೂರ್ತಿ ಮುಗಿಸಿ ತೋರಿಸೋಣ ಅಂತ ಕಾಯಬೇಡಿ. ಹತ್ತರಲ್ಲಿ ಒಂದು ಭಾಗ ಆಗುತ್ತಿದ್ದಂತೆ ತೋರಿಸಿ. 300 ದೂರುಗಳಿದ್ದರೆ 30 ಮಾಡಿ ತೋರಿಸಿ. ಅರೆಬರೆ ಕೆಲಸ ತೋರಿಸಲು ನಾಚಿಕೆ ಆಗುತ್ತದೆ, ನಿಜ. ಆದರೆ ತಿದ್ದುವುದಕ್ಕೆ ಸಮಯ ಇರುವಾಗ ಸಿಗುವ ಮಾತು, ಮುಗಿದ ಮೇಲೆ ಸಿಗುವ ಮಾತಿಗಿಂತ ತುಂಬ ಉಪಯೋಗ.

ಡೌಟ್ ಕೇಳುವ ರೀತಿ

ಗೊತ್ತಾಗದ ಕಡೆ ಮೊದಲು ನೀವೇ ಒಂದು 20–30 ನಿಮಿಷ ಒದ್ದಾಡಿ. ಆಮೇಲೂ ಬಗೆಹರಿಯದಿದ್ದರೆ ಕೇಳಿ. ಕೇಳುವಾಗ ಮೂರು ವಿಷಯ ಇರಲಿ: ಏನು ಮಾಡಲು ಹೊರಟಿದ್ದೀರಿ, ಏನೇನು ಪ್ರಯತ್ನ ಮಾಡಿದಿರಿ, ನಿಮ್ಮ ಊಹೆ ಏನು.

ಊಹೆ ಹೇಳುವುದನ್ನು ಮಾತ್ರ ಯಾವತ್ತೂ ಬಿಡಬೇಡಿ. ‘ಇಲ್ಲಿ ಏನು ಮಾಡಲಿ ಸರ್?’ ಅಂತ ಕೇಳಿದರೆ ‘ಇದನ್ನು ಮಾಡಿ’ ಅಂತ ಉತ್ತರ ಬರುತ್ತದೆ. ಕೆಲಸ ಮುಂದೆ ಹೋಗುತ್ತದೆ, ಕಲಿಕೆ ಅಲ್ಲೇ ನಿಲ್ಲುತ್ತದೆ. ‘ಈ ಎರಡು ದಾರಿ ಕಾಣಿಸ್ತಿದೆ ಸರ್. ಸಮಯ ಕಡಿಮೆ ಇರೋದ್ರಿಂದ ನಾನು ಮೊದಲನೆಯದು ಸರಿ ಅಂದ್ಕೊಂಡಿದ್ದೀನಿ’ ಅಂತ ಹೇಳಿದರೆ ಅವರು ನಿಮ್ಮ ಯೋಚನೆಯನ್ನೇ ತಿದ್ದುತ್ತಾರೆ. ಊಹೆ ತಪ್ಪಾದರೂ ಪರವಾಗಿಲ್ಲ. ಎಲ್ಲಿ ತಪ್ಪಿತು ಅಂತ ಅವರು ಹೇಳುವಾಗ ಅವರ ಲೆಕ್ಕಾಚಾರ ತಾನಾಗಿ ಹೊರಗೆ ಬರುತ್ತದೆ.

ಮೊದಲು ಅರ್ಧ ಗಂಟೆ ನೀವೇ ಒದ್ದಾಡಿ ಅನ್ನುವ ಈ ನಿಯಮ ಎಲ್ಲ ಕಡೆಗೂ ಹೊಂದುವುದಿಲ್ಲ. ಲ್ಯಾಬ್, ಆಸ್ಪತ್ರೆ, ಕಟ್ಟಡದ ಕೆಲಸ, ಮೆಷಿನ್ ಇರುವ ಜಾಗ, ಹಣ ಹೋಗಿಬರುವ ಜಾಗ, ಜನರ ಖಾಸಗಿ ಮಾಹಿತಿ ಇರುವ ಜಾಗ, ಇಲ್ಲೆಲ್ಲ ಅನುಮಾನ ಬಂದ ಕ್ಷಣವೇ ಕೈ ನಿಲ್ಲಿಸಿ ಕೇಳಬೇಕು. ಒಮ್ಮೆ ಮಾಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗದ ಯಾವುದೇ ಕೆಲಸಕ್ಕೂ ಇದೇ ಮಾತು.

ಪಕ್ಕದಲ್ಲಿ ಕೂತು ನೋಡುವುದು

ನನ್ನ ಪ್ರಕಾರ ಇಡೀ ಇಂಟರ್ನ್‌ಶಿಪ್‌ನಲ್ಲಿ ಅತಿ ಹೆಚ್ಚು ಕಲಿಸುವುದು ಇದು, ಅತಿ ಕಡಿಮೆ ಜನ ಕೇಳುವುದೂ ಇದನ್ನೇ.

1989ರಲ್ಲಿ ಅಲನ್ ಕಾಲಿನ್ಸ್, ಜಾನ್ ಸೀಲಿ ಬ್ರೌನ್, ಸೂಸನ್ ನ್ಯೂಮನ್ ಎಂಬ ಸಂಶೋಧಕರು ಒಂದು ವಿಷಯ ಗುರುತಿಸಿ ಬರೆದರು. ಟೈಲರ್ ಹತ್ತಿರ ಕೆಲಸ ಕಲಿಯುವ ಹುಡುಗನಿಗೆ ಕತ್ತರಿ ಎಲ್ಲಿ ಹೋಗುತ್ತದೆ ಅಂತ ಕಣ್ಣಿಗೆ ಕಾಣಿಸುತ್ತದೆ. ಓದು, ಬರಹ, ಲೆಕ್ಕದಂಥ ತಲೆಯೊಳಗೆ ನಡೆಯುವ ಕೆಲಸದಲ್ಲಿ ಕಲಿಯುವವನಿಗೆ ಏನೂ ಕಾಣಿಸುವುದಿಲ್ಲ. ಆದ್ದರಿಂದ ಕಲಿಸುವವರು ತಮ್ಮ ಯೋಚನೆಯನ್ನು ಮಾತಿನಲ್ಲಿ ಹೊರಗೆ ಹಾಕಬೇಕು, ಕಲಿಯುವವರೂ ಹಾಕಬೇಕು. ಇವತ್ತಿನ ಬಹುಪಾಲು ಆಫೀಸ್ ಕೆಲಸಕ್ಕೆ ಇದು ಹಾಗೆಯೇ ಅನ್ವಯಿಸುತ್ತದೆ. ಸೂಪರ್‌ವೈಸರ್ ಸ್ಕ್ರೀನ್ ನೋಡುತ್ತಾ ಕೂತಿರುತ್ತಾರೆ, ನಿಮಗೆ ಕಾಣಿಸುವುದು ಅವರ ಬೆನ್ನು ಅಷ್ಟೆ.

ಹಾಗಾಗಿ ಕೇಳಿ: ‘ಈ ಕೆಲಸ ನೀವು ಮಾಡುವಾಗ ಪಕ್ಕದಲ್ಲಿ ಕೂತು ನೋಡಬಹುದಾ? ಸಾಧ್ಯವಾದರೆ ಮನಸ್ಸಿನಲ್ಲಿ ಏನು ಓಡ್ತಿದೆ ಅಂತ ಹೇಳ್ತಾ ಮಾಡ್ತೀರಾ?’

ಒಂದು ಉದಾಹರಣೆ ನೋಡಿ. 200 ವಿದ್ಯಾರ್ಥಿಗಳ ಸಮೀಕ್ಷೆಯ ಡೇಟಾವನ್ನು ಇಂಟರ್ನ್ ಒಬ್ಬಳು ಟೇಬಲ್ ಮಾಡಿ ತಂದಿದ್ದಾಳೆ ಅಂದುಕೊಳ್ಳಿ. ಸರಾಸರಿ ವಯಸ್ಸು 44 ಅಂತ ಬಂದಿದೆ. ಸೂಪರ್‌ವೈಸರ್ ನೋಡಿದ ಕೂಡಲೇ ‘ಇದು ಇರಲಾರದು’ ಅನ್ನುತ್ತಾರೆ. ವಯಸ್ಸಿನ ಕಾಲಮ್ ತೆಗೆದು ಅತಿ ಕಡಿಮೆ ಎಷ್ಟು, ಅತಿ ಜಾಸ್ತಿ ಎಷ್ಟು ಅಂತ ನೋಡುತ್ತಾರೆ. ಅತಿ ಜಾಸ್ತಿ 999. ಉತ್ತರ ಕೊಡದವರ ಜಾಗದಲ್ಲಿ 999 ಅಂತ ತುಂಬುವ ರೂಢಿ ಬಹಳ ಕಡೆ ಇದೆ. ಅಂಥ ಐದು ಜನ ಇದ್ದಾರೆ. ಉಳಿದ 195 ಜನರ ಸರಾಸರಿ 20 ಇದ್ದರೂ, ಆ ಐದು 999 ಸೇರಿದರೆ ಒಟ್ಟು ಸರಾಸರಿ 44 ದಾಟುತ್ತದೆ. ಎಲ್ಲ ಸೇರಿ ಒಂದು ನಿಮಿಷವೂ ಆಗಿಲ್ಲ.

ಇಲ್ಲಿ ‘999 ತೆಗೆದುಹಾಕಬೇಕು’ ಅಂತ ಬರೆದುಕೊಂಡು ಎದ್ದರೆ ಸಿಕ್ಕಿದ್ದು ತುಂಬ ಕಡಿಮೆ. ಅವರು ಮಾಡಿದ್ದು ಮೂರು ಕೆಲಸ. ಅಂಕಿಯನ್ನು ಜನರ ಜೊತೆ ಹೋಲಿಸಿ ನೋಡಿದರು: ವಿದ್ಯಾರ್ಥಿಗಳ ವಯಸ್ಸು 44 ಇರುತ್ತದಾ? ಸರಾಸರಿಯನ್ನು ನಂಬದೆ ಎರಡು ತುದಿಗಳನ್ನು ನೋಡಿದರು. ವಿಚಿತ್ರವಾದ ಅಂಕಿ ಸಿಕ್ಕಾಗ ಅದನ್ನು ಯಾರು, ಯಾಕೆ ತುಂಬಿರಬಹುದು ಅಂತ ಯೋಚಿಸಿದರು. ಈ ಮೂರು ಅಭ್ಯಾಸ ಮುಂದೆ ಯಾವ ಡೇಟಾ ಬಂದರೂ ಕೈ ಹಿಡಿಯುತ್ತವೆ.

ಇವನ್ನು ಹೊರಗೆ ತೆಗೆಯುವ ಪ್ರಶ್ನೆಗಳಿವೆ. ‘ಮೊದಲು ಎಲ್ಲಿ ನೋಡಿದ್ರಿ?’ ‘ಸರಿ ಇಲ್ಲ ಅಂತ ಯಾವುದರಿಂದ ಗೊತ್ತಾಯ್ತು?’ ‘ಅದು 44ರ ಬದಲು 24 ಬಂದಿದ್ರೆ ಬಿಟ್ಟುಬಿಡ್ತಿದ್ರಾ?’ ‘ನನ್ನಂಥ ಹೊಸಬರು ಇಲ್ಲಿ ಏನು ತಪ್ಪು ಮಾಡ್ತಾರೆ?’ ಕೊನೆಯ ಪ್ರಶ್ನೆಗೆ ಬರುವಷ್ಟು ಒಳ್ಳೆ ಉತ್ತರ ಬೇರೆ ಯಾವುದಕ್ಕೂ ಬರುವುದಿಲ್ಲ.

‘ನೀವು ಹೇಗೆ ನಿರ್ಧಾರ ಮಾಡ್ತೀರಿ?’ ಅಂತ ಸಾಮಾನ್ಯವಾಗಿ ಕೇಳುವುದು ಮಾತ್ರ ಬೇಡ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅವರ ತಂಡ ಅಗ್ನಿಶಾಮಕ ದಳದ ಅನುಭವಿ ಅಧಿಕಾರಿಗಳನ್ನು ಮಾತಾಡಿಸಿತ್ತು. ತಾವು ನಿರ್ಧಾರ ಅಂತ ಏನೂ ಮಾಡುವುದಿಲ್ಲ, ಏನು ಮಾಡಬೇಕೋ ಅದು ಗೊತ್ತಾಗುತ್ತದೆ ಅನ್ನುವ ಧಾಟಿಯ ಉತ್ತರ ಬಂತು. ಆಮೇಲೆ ಒಂದೊಂದು ಬೆಂಕಿಯ ಘಟನೆ ಹಿಡಿದು, ಆಗ ಏನು ಕಂಡಿತು, ಮುಂದೆ ಏನಾಗುತ್ತದೆ ಅಂದುಕೊಂಡಿರಿ ಅಂತ ಹೆಜ್ಜೆ ಹೆಜ್ಜೆಯಾಗಿ ಕೇಳಿದಾಗ ಅವರು ಗಮನಿಸಿದ ಸುಳಿವುಗಳು ಹೊರಗೆ ಬಂದವು. ನೀವೂ ಹೀಗೆಯೇ ಒಂದು ಘಟನೆ ಹಿಡಿದು ಕೇಳಿ. ನಿನ್ನೆಯ ಫೋನ್ ಕರೆ, ಇವತ್ತಿನ ಡ್ರಾಫ್ಟ್, ಕಳೆದ ವಾರ ತಿರಸ್ಕರಿಸಿದ ಬಿಲ್.

ಮೀಟಿಂಗ್‌ಗೆ ಕರೆದುಕೊಂಡು ಹೋದರೆ ಸುಮ್ನೆ ಕೂತು ನೋಟ್ಸ್ ಬರೆಯುವುದಕ್ಕಿಂತ ಒಂದು ಅಭ್ಯಾಸ ಮಾಡಿ ನೋಡಿ. ಒಳಗೆ ಹೋಗುವ ಮೊದಲು ಸೂಪರ್‌ವೈಸರ್ ಯಾವುದಕ್ಕೆ ಒಪ್ಪುತ್ತಾರೆ, ಯಾವುದಕ್ಕೆ ಬೇಡ ಅನ್ನುತ್ತಾರೆ ಅಂತ ಊಹಿಸಿ ಬರೆದಿಡಿ. ಹೊರಗೆ ಬಂದ ಮೇಲೆ ಹೋಲಿಸಿ. ಊಹೆ ಎಲ್ಲಿ ತಪ್ಪಿತೋ ಅದೇ ಆ ವಾರದ ಪ್ರಶ್ನೆ.

ಫೀಡ್‌ಬ್ಯಾಕ್ ಬಂದಾಗ

ಕೆಂಪು ಗುರುತು ತುಂಬಿದ ಡ್ರಾಫ್ಟ್ ಕೈಗೆ ಬಂದರೆ ಮುಖ ಸಪ್ಪೆಯಾಗುವುದು ಸಹಜ. ಆದರೆ ಅಷ್ಟೊಂದು ತಿದ್ದಿದ್ದಾರೆ ಅಂದರೆ ಅಷ್ಟು ಹೊತ್ತು ನಿಮ್ಮ ಕೆಲಸಕ್ಕೆ ಕೊಟ್ಟಿದ್ದಾರೆ ಅಂತ. ಏನೂ ಹೇಳದೆ ತಾವೇ ಸರಿಮಾಡಿ ಕಳಿಸುವುದು ಅವರಿಗೆ ಇನ್ನೂ ಸುಲಭ.

ಫೀಡ್‌ಬ್ಯಾಕ್ ಯಾವಾಗಲೂ ಒಳ್ಳೆಯದೇ ಮಾಡುತ್ತದೆ ಅಂತಲೂ ಇಲ್ಲ. ಕ್ಲೂಗರ್ ಮತ್ತು ಡೆನಿಸಿ ಎಂಬ ಇಬ್ಬರು ಸಂಶೋಧಕರು ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಲೆಕ್ಕ ಹಾಕಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಲಾಭವೇ ಇತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನ ಕೆಲಸದ ಮೇಲಿಂದ ‘ನಾನು ಹೇಗಿದ್ದೇನೆ’ ಅನ್ನುವುದರ ಕಡೆ ಹೊರಳಿದಷ್ಟೂ ಲಾಭ ಕಡಿಮೆ ಆಗುತ್ತದೆ ಎಂಬುದು ಅವರ ವಿವರಣೆ. ಆದ್ದರಿಂದ ಮಾತು ಎಷ್ಟೇ ಒರಟಾಗಿ ಬರಲಿ, ಅದನ್ನು ಕೆಲಸದ ಮೇಲಕ್ಕೆ ತಿರುಗಿಸುವುದು ನಿಮ್ಮ ಕೈಯಲ್ಲಿದೆ. ‘ನೀವು ಗಮನ ಕೊಡ್ತಿಲ್ಲ’ ಅಂದರೆ ‘ಯಾವ ಭಾಗದಲ್ಲಿ ಮೇಡಂ? ಅದನ್ನು ಈಗಲೇ ನೋಡ್ತೀನಿ’ ಅನ್ನಿ.

ಅವರು ಹೇಳುತ್ತಿರುವಾಗ ಸಮಜಾಯಿಷಿ ಕೊಡಬೇಡಿ. ಬರೆದುಕೊಳ್ಳಿ. ಆಮೇಲೆ ಒಬ್ಬರೇ ಕೂತು ಆ ಪಟ್ಟಿಯನ್ನು ಎರಡು ಭಾಗ ಮಾಡಿ. ಈ ಒಂದು ಡ್ರಾಫ್ಟ್‌ಗೆ ಮಾತ್ರ ಸಂಬಂಧಪಟ್ಟವು ಒಂದು ಕಡೆ. ‘ಎಲ್ಲ ಅಂಕಿಗೂ ಮೂಲ ಬರೆಯಬೇಕು’, ‘ಮುಖ್ಯ ವಿಷಯ ಮೊದಲ ಸಾಲಿನಲ್ಲೇ ಬರಬೇಕು’ ಎಂಬಂಥ, ಮುಂದೆಯೂ ಬೇಕಾಗುವವು ಇನ್ನೊಂದು ಕಡೆ. ಎರಡನೇ ಪಟ್ಟಿಯನ್ನು ಪ್ರತಿ ಸಲ ಕೆಲಸ ಕಳಿಸುವ ಮೊದಲು ಒಮ್ಮೆ ಓದಿ. ಮುಂದಿನ ಡ್ರಾಫ್ಟ್ ಕಳಿಸುವಾಗ ‘ನೀವು ಹೇಳಿದ ಈ ನಾಲ್ಕು ಸರಿಮಾಡಿದ್ದೇನೆ, ಇದೊಂದನ್ನು ಈ ಕಾರಣಕ್ಕೆ ಹಾಗೇ ಬಿಟ್ಟಿದ್ದೇನೆ’ ಅಂತ ಎರಡು ಸಾಲು ಬರೆಯಿರಿ. ಹೇಳಿದ ಮಾತು ನಾಟುತ್ತದೆ ಅಂತ ಗೊತ್ತಾದರೆ ಅವರೂ ಇನ್ನಷ್ಟು ಹೇಳುತ್ತಾರೆ.

ಬರೀ ‘ಚೆನ್ನಾಗಿದೆ’ ಅಂತ ಬಂದರೆ? ಅಲ್ಲಿಗೆ ಬಿಡಬೇಡಿ. ‘ಇನ್ನೂ ಒಂದು ಗಂಟೆ ಇದ್ದಿದ್ರೆ ಇದರಲ್ಲಿ ಯಾವುದನ್ನು ಸರಿಮಾಡ್ತಿದ್ರಿ?’ ಅಂತ ಕೇಳಿ.

ತಪ್ಪಾಗಿದ್ದು ಗೊತ್ತಾದರೆ ತಡ ಮಾಡದೆ ನೀವೇ ಹೋಗಿ ಹೇಳಿ. ಏನಾಯಿತು, ಯಾವುದಕ್ಕೆ ಪೆಟ್ಟು ಬಿತ್ತು, ಇದುವರೆಗೆ ಏನು ಮಾಡಿದ್ದೀರಿ, ಅವರಿಂದ ಏನು ಬೇಕು. ನಾಲ್ಕು ವಾಕ್ಯ ಸಾಕು.

ಎಐ ಚಾಟ್ ಟೂಲ್‌ಗಳ ಬಗ್ಗೆಯೂ ಒಂದು ಮಾತು. ಆಫೀಸಿನ ಕಾಗದಪತ್ರ, ಡೇಟಾ ಅದರಲ್ಲಿ ಹಾಕಬಹುದಾ ಅಂತ ಮೊದಲು ಕೇಳಿ. ಹಾಕಬಹುದು ಅಂದರೂ ಅದು ಬರೆದ ಡ್ರಾಫ್ಟನ್ನು ನಿಮ್ಮದು ಅಂತ ಕೊಡಬೇಡಿ. ಸೂಪರ್‌ವೈಸರ್ ಒಂದು ಗಂಟೆ ಕೂತು ತಿದ್ದುತ್ತಾರೆ, ತಿದ್ದಿದ್ದು ಟೂಲ್‌ನ ಯೋಚನೆಯನ್ನು. ನಿಮ್ಮ ಯೋಚನೆ ಇದ್ದಲ್ಲೇ ಉಳಿಯುತ್ತದೆ.

ಪ್ರತಿದಿನ ಹತ್ತು ನಿಮಿಷ ಬರೆಯಿರಿ

ಸಂಜೆ ಹೊರಡುವ ಮೊದಲು ಮೂರು ಸಾಲು: ಇವತ್ತು ಏನಾಯಿತು, ಅದರಲ್ಲಿ ಅಚ್ಚರಿ ಅನಿಸಿದ್ದು ಯಾವುದು, ನಾಳೆ ಬೇರೆ ಥರ ಮಾಡುವುದು ಏನು. ಅನುಭವ, ಅದರ ಬಗ್ಗೆ ಯೋಚನೆ, ಅದರಿಂದ ಒಂದು ನಿಯಮ, ಮತ್ತೆ ಪ್ರಯೋಗ ಎಂಬ ನಾಲ್ಕು ಹಂತದ ಸುತ್ತನ್ನು ಕಲಿಕೆಯ ಬಗ್ಗೆ ಅಧ್ಯಯನ ಮಾಡಿದ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ್ದರು. ಇಂಟರ್ನ್‌ಗಳಲ್ಲಿ ಹೆಚ್ಚಿನವರು ಮೊದಲ ಹಂತದಲ್ಲೇ ದಿನ ಮುಗಿಸುತ್ತಾರೆ. ಈ ಮೂರು ಸಾಲು ಉಳಿದ ಹಂತಗಳನ್ನೂ ಮಾಡಿಸುತ್ತದೆ. ಗ್ರಾಹಕರ ಹೆಸರು, ರೋಗಿಗಳ ವಿವರ, ಪಾಸ್‌ವರ್ಡ್ ಇಂಥವು ಡೈರಿಯಲ್ಲಿ ಬೇಡ.

ವಾರದ ಕೊನೆಗೆ ಇದರಿಂದಲೇ ಒಂದು ಸಣ್ಣ ಮೆಸೇಜ್ ಮಾಡಿ ಸೂಪರ್‌ವೈಸರ್‌ಗೆ ಕಳಿಸಿ: ಮುಗಿದದ್ದು, ನಿಂತಿರುವುದು, ಮುಂದಿನ ವಾರದ್ದು, ಕಲಿತದ್ದು ಒಂದು. ವಾರದ ಅರ್ಧ ಗಂಟೆಯ ಮಾತಿಗೆ ಇದೇ ವಿಷಯಪಟ್ಟಿ ಆಗುತ್ತದೆ. ಕಾಲೇಜು ರಿಪೋರ್ಟ್ ಬರೆಯುವಾಗಲೂ ನೆನಪಿಗೆ ಪರದಾಡಬೇಕಿಲ್ಲ.

ಅವಧಿಯ ಅರ್ಧಕ್ಕೆ ಬಂದಾಗ, ಅಂದರೆ 8 ವಾರದ್ದಾದರೆ 4ನೇ ವಾರದಲ್ಲಿ, ಆ ಮೌಲ್ಯಮಾಪನ ಫಾರಂ ತೆಗೆದುಕೊಂಡು ಹೋಗಿ. ‘ಇವತ್ತೇ ತುಂಬಬೇಕಾದ್ರೆ ಎಲ್ಲಿ ಕಡಿಮೆ ಅಂಕ ಕೊಡ್ತೀರಿ?’ ಅಂತ ಕೇಳಿ. ಸರಿಮಾಡಿಕೊಳ್ಳಲು ಇನ್ನೂ ನಾಲ್ಕು ವಾರ ಇರುತ್ತದೆ.

ಸೂಪರ್‌ವೈಸರ್‌ಗೆ ಪುರುಸೊತ್ತೇ ಇಲ್ಲದಿದ್ದರೆ

ಇದು ಬಹಳ ಜನರ ಕಥೆ. ಮೊದಲು ಕೇಳುವುದನ್ನು ಚಿಕ್ಕದು ಮಾಡಿ. ಅರ್ಧ ಗಂಟೆ ಸಿಗದಿದ್ದರೆ ಹತ್ತು ನಿಮಿಷ. ಮುಖಾಮುಖಿ ಆಗದಿದ್ದರೆ ಹೌದು ಅಥವಾ ಇಲ್ಲ ಅಂತ ಉತ್ತರಿಸಬಹುದಾದ ಮೆಸೇಜ್.

ಎಲ್ಲವನ್ನೂ ಒಬ್ಬರಿಂದಲೇ ನಿರೀಕ್ಷೆ ಮಾಡುವುದೂ ಸರಿಯಲ್ಲ. ಮೆಂಟರಿಂಗ್ ಬಗ್ಗೆ, ಅಂದರೆ ಅನುಭವಿಗಳು ಹೊಸಬರಿಗೆ ದಾರಿ ತೋರಿಸುವುದರ ಬಗ್ಗೆ, ಸಂಶೋಧಕಿ ಕ್ಯಾಥಿ ಕ್ರ್ಯಾಮ್ 1985ರಲ್ಲಿ ಪ್ರಕಟಿಸಿದ ಅಧ್ಯಯನ ಅದರಲ್ಲಿ ಎರಡು ಬಗೆ ಇದೆ ಅನ್ನುತ್ತದೆ. ಕೆಲಸ ಕಲಿಸಿ, ಅವಕಾಶ ಕೊಡಿಸಿ, ನಾಲ್ಕು ಜನರ ಮುಂದೆ ನಿಮ್ಮ ಹೆಸರು ಹೇಳುವುದು ಒಂದು. ಧೈರ್ಯ ಹೇಳುವುದು, ಕಷ್ಟ ಕೇಳಿಸಿಕೊಳ್ಳುವುದು, ಮಾದರಿಯಾಗಿ ಇರುವುದು ಇನ್ನೊಂದು. ಎರಡೂ ಒಬ್ಬರಲ್ಲೇ ಸಿಗಬೇಕು ಅಂತಿಲ್ಲ. ಒಂದೆರಡು ವರ್ಷದ ಹಿಂದೆ ಸೇರಿದ ಸಹೋದ್ಯೋಗಿಯನ್ನು ಪರಿಚಯ ಮಾಡಿಕೊಳ್ಳಿ. ಹೊಸಬರಿಗೆ ಎಲ್ಲಿ ಕಷ್ಟ ಅಂತ ಅವರಿಗೆ ಇನ್ನೂ ಚೆನ್ನಾಗಿ ನೆನಪಿರುತ್ತದೆ.

ಒಂದು ಗೆರೆ ಮಾತ್ರ ಸ್ಪಷ್ಟವಾಗಿರಲಿ. ಸುಳ್ಳು ದಾಖಲೆ ಬರೆಯಿರಿ ಅನ್ನುವುದು, ಸುರಕ್ಷತೆ ಇಲ್ಲದ ಕೆಲಸಕ್ಕೆ ನೂಕುವುದು, ಅವಮಾನ ಮಾಡುವುದು, ಮೈಮೇಲೆ ಬೀಳುವುದು ಅಥವಾ ಅಸಭ್ಯವಾಗಿ ಮಾತಾಡುವುದು, ತಮ್ಮ ಮನೆಗೆಲಸ ಮಾಡಿಸುವುದು, ಇವು ಯಾವುವೂ ತರಬೇತಿಯ ಭಾಗ ಅಲ್ಲ. ಸಹಿಸಿಕೊಂಡು ಅವಧಿ ಮುಗಿಸಬೇಕಾಗಿಯೂ ಇಲ್ಲ. ದಿನಾಂಕ, ಸಮಯ, ನಡೆದದ್ದನ್ನು ಬರೆದಿಟ್ಟು ಕಾಲೇಜಿನ ಗೈಡ್‌ಗೆ ಲಿಖಿತವಾಗಿ ತಿಳಿಸಿ. ಆ ಸಂಸ್ಥೆಯಲ್ಲಿ ದೂರು ಸಮಿತಿ ಇದ್ದರೆ ಅಲ್ಲಿಗೂ ಹೋಗಬಹುದು.

ಕೊನೆಯ ಎರಡು ವಾರ

ನಿಮ್ಮ ನಂತರ ಆ ಕೆಲಸ ಮಾಡುವವರಿಗಾಗಿ ಎರಡು ಪುಟದ ಟಿಪ್ಪಣಿ ಬರೆಯಿರಿ. ಫೈಲ್ ಎಲ್ಲಿದೆ, ಏನು ಬಾಕಿ ಇದೆ, ಎಲ್ಲಿ ಎಡವಬಹುದು, ಯಾರನ್ನು ಕೇಳಬೇಕು. ಅದನ್ನು ಸೂಪರ್‌ವೈಸರ್‌ಗೆ ತೋರಿಸಿ ಬಿಟ್ಟುಹೋದದ್ದನ್ನು ಕೇಳಿ. ಬೇರೆಯವರಿಗೆ ಹೇಳಿಕೊಡಲು ಹೊರಟಾಗ ನಿಮಗೆ ಅರ್ಥವಾಗದೆ ಉಳಿದಿರುವುದು ಬೇಗ ಕಾಣಿಸುತ್ತದೆ. ಕೇಳಲು ಆಗಲೂ ಸಮಯ ಇರುತ್ತದೆ.

ಕೊನೆಯ ಮಾತುಕತೆಯಲ್ಲಿ ‘ನಾನು ಮುಂದೆ ಯಾವುದರಲ್ಲಿ ಪಳಗಬೇಕು?’, ‘ಈ ಕ್ಷೇತ್ರದಲ್ಲಿ ಇನ್ನು ಯಾರನ್ನು ಮಾತಾಡಿಸಿದರೆ ಒಳ್ಳೆಯದು?’ ಅಂತ ಕೇಳಿ. ಪ್ರಮಾಣಪತ್ರದಲ್ಲಿ ಹೆಸರು, ಶುರುವಾದ ಮತ್ತು ಮುಗಿದ ದಿನಾಂಕ ಸರಿಯಾಗಿದೆಯಾ ಅಂತ ಅಲ್ಲೇ ನೋಡಿಕೊಳ್ಳಿ. ಶಿಫಾರಸು ಪತ್ರ ಬೇಕಿದ್ದರೆ ಆಗಲೇ ಕೇಳಿ, ಮಾಡಿದ ಕೆಲಸಗಳ ಪಟ್ಟಿ ಮತ್ತು ಪತ್ರ ಯಾವ ದಿನಾಂಕದೊಳಗೆ ಬೇಕು ಅನ್ನುವುದನ್ನೂ ಜೊತೆಗೆ ಕೊಡಿ. ವರ್ಷ ಕಳೆದ ಮೇಲೆ ಥಟ್ಟನೆ ಕೇಳಿದರೆ ಅವರಿಗೆ ಬರೆಯಲು ವಿವರ ನೆನಪಿರುವುದಿಲ್ಲ. ಮುಂದೆ ಓದಿನಲ್ಲೋ ಕೆಲಸದಲ್ಲೋ ಅವರು ಕಲಿಸಿದ್ದು ಉಪಯೋಗಕ್ಕೆ ಬಂದಾಗ, ಎಲ್ಲಿ ಹೇಗೆ ಬಂತು ಅಂತ ಒಂದು ಮೆಸೇಜ್ ಹಾಕಿ. ಎಷ್ಟೋ ಜನ ಸೂಪರ್‌ವೈಸರ್‌ಗಳಿಗೆ ತಾವು ಹೇಳಿಕೊಟ್ಟಿದ್ದು ಏನಾಯಿತು ಅಂತ ಯಾರೂ ತಿರುಗಿ ಹೇಳಿರುವುದೇ ಇಲ್ಲ.